ಬೋಜಾ ತೆಗೆಸಿದ ಫೋನು

ಬೋಜಾ ಅಂದರೇನು ಎಂದು ನಮ್ಮ ಶಿರಸಿ ಕಡೆಯ ತೋಟಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾಲ ಎತ್ತಿದರೆ ಆ ಸಾಲ ಪಹಣಿಯಲ್ಲಿ ಬಂದು ಕೂರುತ್ತದೆ. ತೀರಿಸಿ, ಕಾಗದ ಹಿಡಿದು ನಾಲ್ಕು ಸಲ ಓಡಾಡಿದರೆ ಇಳಿದು ಹೋಗುತ್ತದೆ. ಸಾಲ ಇರುವಷ್ಟು ದಿನ ತೋಟ ನಮ್ಮದು ಹೌದು, ಪೂರ್ತಿ ನಮ್ಮದಲ್ಲ. ಅದರಲ್ಲಿ ನನಗೆ ತಕರಾರಿಲ್ಲ. ದುಡ್ಡು ಕೊಟ್ಟವನಿಗೂ ರಾತ್ರಿ ನಿದ್ದೆ ಬರಬೇಕಲ್ಲ.

ಫೋನಿನ ಮೇಲೂ ಬೋಜಾ ಇರುತ್ತದೆ ಎಂದು ಗೊತ್ತಾದದ್ದು 2017ರ ಮೇ ತಿಂಗಳಲ್ಲಿ.

ಟೊರೊಂಟೊದಲ್ಲಿರುವ ಅಕ್ಕನ ಮಗ ಒಂದು ಉಪನಯನಕ್ಕೆಂದು ಊರಿಗೆ ಬಂದಿದ್ದ. ಹೊರದೇಶದ ಅಳಿಯಂದಿರು ಸಾಧಾರಣ ತರುವುದು ಚಾಕಲೇಟು, ಮಂಡಿನೋವಿನ ಮುಲಾಮು, ಹೆಸರು ಓದಲಾಗದ ವಿಟಮಿನ್ ಗುಳಿಗೆ. ಇವನು ತಾನು ಬಳಸಿ ಬಿಟ್ಟ ಫೋನನ್ನೇ ತಂದಿದ್ದ. "ಮಾವಾ, ಇದು ನಿಂಗೆ. ಕಂತು ಎಲ್ಲ ಕಟ್ಟಿ ಮುಗಿದಿದ್ದು" ಅಂದ. ಒಂದು ಮೂಲೆಯಲ್ಲಿ ಸಣ್ಣ ಗೀರು ಬಿಟ್ಟರೆ ಹೊಸದರ ಹಾಗೇ ಇತ್ತು. ನಮ್ಮ ಆಯಿ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿ, "ತೂಕ ಇದ್ದು" ಎಂದಳು. ಆಯಿ ಹಾಗೆ ಅಂದರೆ ಪಾಸಾದ ಹಾಗೆ. ಹಿತ್ತಾಳೆ ಚೊಂಬಿನಿಂದ ಹಿಡಿದು ಎಲ್ಲಕ್ಕೂ ಅವಳ ಪರೀಕ್ಷೆ ಅದೊಂದೇ.

ನನ್ನ ಸಿಮ್ ಹಾಕಿದೆ. ಫೋನು ಸಿಮ್ಮನ್ನು ಒಂದು ಗಳಿಗೆ ನೋಡಿತು. ಆಮೇಲೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ, ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್ ಹಾಕು ಎಂದಿತು. ಗುರುತಿಲ್ಲದವರು ಬಂದರೆ ಜಗುಲಿಯಲ್ಲೇ ನಿಲ್ಲಿಸಿ ಯಾವೂರು, ಯಾರ ಪೈಕಿ ಎಂದು ಕೇಳುತ್ತೇವಲ್ಲ, ಹಾಗೆ.

ಮಾರನೇ ದಿನ ಶಿರಸಿಯ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಫೋನನ್ನು ಹೀಗೆ ನೋಡಿ ಹಾಗೆ ಇಟ್ಟ. "ಹೆಗಡೇರೇ, ಇದು ಲಾಕ್ ಪೀಸು. ಅವರ ಕಂಪನಿ ಸಿಮ್ ಬಿಟ್ರೆ ಬೇರೆ ಮುಟ್ಟೂದಿಲ್ಲ." ಸ್ಟಾರ್ ಹ್ಯಾಷ್ ಸೊನ್ನೆ ಆರು ಹ್ಯಾಷ್ ಒತ್ತಿದ. ಹದಿನೈದು ಅಂಕಿಯ ನಂಬರು ಬಂತು. ಅದು ಆ ಫೋನಿನ ಜಾತಕವಂತೆ, ಐಎಂಇಐ ಎನ್ನುತ್ತಾರಂತೆ. "ಈ ನಂಬರ್ ಹೇಳಿದ್ರೆ ಕಂಪನಿಯವರ ಹತ್ರ ಕೋಡ್ ಇರ್ತದೆ. ಸುಮ್ನೆ ಅಂದಾಜಿನ ಮೇಲೆ ಹೊಡೀಬೇಡಿ. ನಾಲ್ಕೈದು ಸಲ ತಪ್ಪಿದ್ರೆ ಪೂರ್ತಿ ಬಂದ್."

ಅಳಿಯ ಕಂಪನಿಗೆ ಫೋನ್ ಮಾಡಿದ. ಆ ಕಡೆಯಿಂದ ಬಹಳ ಹೊತ್ತು ಪಿಟೀಲು ಬಾರಿಸಿದರು. ಕೊನೆಗೆ ಒಬ್ಬಳು ಸಿಕ್ಕಿ, ಕಂತು ಪೂರ್ತಿ ಮುಗಿದಿದೆ, ಫೋನು ನಿಮ್ಮದೇ, ಬಹಳ ಸಂತೋಷ ಎಂದಳು. ಬೀಗ ತೆಗೆಯಲು ಐವತ್ತು ಡಾಲರ್, ಮೇಲೆ ತೆರಿಗೆ, ಎಂದೂ ಹೇಳಿದಳು. ಎರಡನ್ನೂ ಒಂದೇ ಉಸಿರಿನಲ್ಲಿ, ಒಂದೇ ಸಂತೋಷದಲ್ಲಿ.

ನಾನು ತಡೆದೆ. "ತಡಿ ತಡಿ. ಬೀಗ ಹಾಕಿದ್ದು ಯಾರು?"

"ಅವರೇ."

"ನೀನು ಹಾಕಿ ಅಂದಿದ್ಯಾ?"

"ಇಲ್ಲೆ."

"ಮತ್ತೆ ಫೀಸು ಎಂತಕ್ಕೆ?"

ಅಳಿಯ ಇಂಜಿನಿಯರ್. ಬಹಳ ಹೊತ್ತು ವಿವರಿಸಿದ. ಕಂಪನಿ ಫೋನನ್ನು ಮೊದಲು ಕಮ್ಮಿ ದುಡ್ಡಿಗೆ ಕೊಡುತ್ತದೆ, ಬಾಕಿಯನ್ನು ತಿಂಗಳ ಬಿಲ್ಲಿನಲ್ಲಿ ವಸೂಲಿ ಮಾಡುತ್ತದೆ, ನಡುವೆ ಗಿರಾಕಿ ಓಡಿ ಹೋಗಬಾರದು ಎಂದು ಬೀಗ. ಸರಿ, ಒಪ್ಪಿದೆ. ಅದು ಬೋಜಾ. ಆದರೆ ಸಾಲ ತೀರಿತಲ್ಲ? ತೀರಿದ ಮೇಲೂ ಬೀಗ ಹಾಗೇ ಇತ್ತಲ್ಲ? ಅದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ. ಕ್ರೆಡಿಟ್ ಕಾರ್ಡ್ ಇತ್ತು.

ಕೋಡ್ ಬಂತು. ಎಂಟು ಅಂಕಿ. ಲೆಕ್ಕ ಹಾಕಿದೆ. ತೆರಿಗೆ ಬಿಟ್ಟು ಒಂದೊಂದು ಅಂಕಿಗೆ ಆರೂಕಾಲು ಡಾಲರ್. ಅದರಲ್ಲಿ ಎರಡು ಸೊನ್ನೆ ಬೇರೆ ಇದ್ದವು. ಸೊನ್ನೆಗೂ ಅದೇ ರೇಟು.

ನಮ್ಮಲ್ಲಿ ಕೊನೆಗೌಡ ಅಡಿಕೆ ಮರ ಹತ್ತುತ್ತಾನೆ. ಮಳೆಗಾಲ ಮುಗಿದು ಮರದ ಪಾಚಿ ಇನ್ನೂ ಪೂರ್ತಿ ಒಣಗಿರುವುದಿಲ್ಲ. ತುದಿಯಲ್ಲಿ ಕೂತು, ಮರವನ್ನೇ ತೂಗಿ ಪಕ್ಕದ ಮರ ಹಿಡಿಯುತ್ತಾನೆ. ಕೆಳಗಿನಿಂದ ನೋಡುವ ನಮಗೇ ಅಂಗಾಲು ಬೆವರುತ್ತದೆ. ಅವನು ಕೇಳಿದ ಕೂಲಿಗೆ ಗೊಣಗುತ್ತೇವೆ, ಆದರೂ ಕೊಡುತ್ತೇವೆ, ಯಾಕೆಂದರೆ ಕೆಲಸ ಕಣ್ಣಿಗೆ ಕಾಣುತ್ತದೆ. ಇಲ್ಲಿ ಟೊರೊಂಟೊದ ಕಂಪ್ಯೂಟರಿನಲ್ಲಿ ಮೊದಲೇ ಬರೆದಿಟ್ಟಿದ್ದ ಎಂಟು ಅಂಕಿಯನ್ನು ಯಾರೋ ನೋಡಿ ಕಳಿಸಿದರು. ಮರ ಹತ್ತಲಿಲ್ಲ. ಪಾಚಿ ಇರಲಿಲ್ಲ. ನೋಡಿದ್ದು ಮನುಷ್ಯನೋ ಮಿಷನ್ನೋ, ಅದೂ ಅನುಮಾನ.

ಮಾರಿಜಾತ್ರೆಯ ತೊಟ್ಟಿಲಿನವನಿಗೆ ಈ ವಿದ್ಯೆ ಇನ್ನೂ ತಲುಪಿಲ್ಲ, ನಮ್ಮ ಪುಣ್ಯ. ಹತ್ತುವಾಗ ಒಂದು ಟಿಕೆಟ್. ಮೇಲೆ ಕೆಳಗೆ ತಿರುಗಿಸಿ, ಹೊಟ್ಟೆಯೊಳಗಿನದನ್ನು ಬಾಯಿಗೆ ತಂದು, ಕೊನೆಗೆ ತೊಟ್ಟಿಲು ನಿಂತಾಗ, "ಟಿಕೆಟ್ ದುಡ್ಡು ತಿರುಗಿಸಿದ್ದಕ್ಕೆ ಸ್ವಾಮೀ. ನಿಮ್ಮ ಮುಂದಿನ ಸರಳು ತೆಗೆದು ಇಳಿಸೋದು ಬೇರೆ ಸೇವೆ" ಎಂದರೆ? ದೇವಿಕೆರೆಯವರೆಗೂ ಅಟ್ಟಿಸಿಕೊಂಡು ಹೋಗುತ್ತಿದ್ದರು. ಫೋನ್ ಕಂಪನಿ ಹೇಳಿದರೆ ಮಾತ್ರ ಕಾರ್ಡ್ ನಂಬರ್ ಕೊಡುತ್ತೇವೆ. ಎಷ್ಟೇ ಹೇಳಿ, ಪಿಟೀಲು ಕೇಳಿಸುವ ಕಳ್ಳನಿಗೆ ಒಂದು ಗೌರವ ಇದೆ.

ಒಬ್ಬ ಅಳಿಯನ ಐವತ್ತು ಡಾಲರ್ ಸಣ್ಣದು ಅನ್ನಿಸಬಹುದು. ಕೆನಡಾದ ಕಂಪನಿಗಳೆಲ್ಲ ಸೇರಿ 2016 ಒಂದೇ ವರ್ಷದಲ್ಲಿ ಬೀಗ ತೆಗೆದು ಗಳಿಸಿದ್ದು 3.77 ಕೋಟಿ ಡಾಲರ್. ಫೋನ್ ಮಾರಿ ಅಲ್ಲ, ಮಾತಾಡಿಸಿ ಅಲ್ಲ. ಬರೀ ಬೀಗ ತೆಗೆದು. ಇಂಥ ಆದಾಯ ಇರುವಾಗ ಬೀಗ ಹಾಕುವುದನ್ನು ಯಾರು ಬಿಡುತ್ತಾರೆ? ಫೀಸು ಬೇಡ ಎಂದು ಜನ ಗಲಾಟೆ ಮಾಡಿದಾಗ ಕಂಪನಿಗಳದ್ದು ಒಂದು ವಾದ ಇತ್ತು. ಇದನ್ನು ತೆಗೆದರೆ ಖರ್ಚು ಎಲ್ಲ ಗಿರಾಕಿಗಳ ಮೇಲೆ ಬೀಳುತ್ತದೆ, ಬೀಗ ತೆಗೆಸುವವರು ಮಾತ್ರ ಕೊಡುವುದೇ ನ್ಯಾಯ ಎಂದು. ಬೀಗವನ್ನೇ ಹಾಕದಿದ್ದರೆ ಯಾರ ಮೇಲೂ ಬೀಳುವುದಿಲ್ಲವಲ್ಲ ಎಂದು ನನ್ನಂಥ ದಡ್ಡರಿಗೆ ಅನ್ನಿಸುತ್ತದೆ.

ಅಮೆರಿಕದವರದ್ದು ಇನ್ನೂ ಚಂದ. ಅಲ್ಲಿ ಫೋನಿನ ಬೀಗ ಯಾರು ತೆಗೆಯಬಹುದು ಎಂದು ಹೇಳುವ ಅಧಿಕಾರ ಇದ್ದದ್ದು ಲೈಬ್ರರಿಯನ್ನಿಗೆ. ತಮಾಷೆ ಅಲ್ಲ. ಬೀಗ ಅಂದರೆ ಒಂದು ಸಾಫ್ಟ್‌ವೇರು, ಸಾಫ್ಟ್‌ವೇರು ಅಂದರೆ ಬರಹ, ಬರಹ ಅಂದರೆ ಕಾಪಿರೈಟು, ಕಾಪಿರೈಟು ಅಂದರೆ ಅವರ ಸಂಸತ್ತಿನ ಲೈಬ್ರರಿ. ಮೂರು ವರ್ಷಕ್ಕೊಮ್ಮೆ ಅಲ್ಲಿನ ಲೈಬ್ರರಿಯನ್ನು ಕೂತು ಯಾವುದಕ್ಕೆ ವಿನಾಯಿತಿ ಎಂದು ಹೇಳಬೇಕು. ಅವರು ಫೋನಿಗೆ ವಿನಾಯಿತಿ ಮುಂದುವರಿಸಲಿಲ್ಲ. 2013ರ ಜನವರಿ 26ರಿಂದ, ಹೊಸದಾಗಿ ಕೊಂಡ ಫೋನಿನ ಬೀಗವನ್ನು ಕಂಪನಿಯನ್ನು ಕೇಳದೆ ತೆಗೆದರೆ ಅದು ಅಪರಾಧದ ಲೆಕ್ಕಕ್ಕೆ ಬಂತು. ನಾವು ಇಲ್ಲಿ ಗಣರಾಜ್ಯೋತ್ಸವದ ಬಾವುಟ ಹಾರಿಸುತ್ತಿದ್ದ ದಿನ. ದುಡ್ಡಿಗಾಗಿ ಮಾಡಿದ್ದು ಎಂದಾದರೆ ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲು, ಐದು ಲಕ್ಷ ಡಾಲರ್‌ವರೆಗೆ ದಂಡ. ನಮ್ಮ ಹಳೇ ಬಸ್ ಸ್ಟ್ಯಾಂಡಿನ ಹುಡುಗ ಆ ದೇಶದಲ್ಲಿ ಅಂಗಡಿ ಇಟ್ಟಿದ್ದರೆ ಏನು ಗತಿ?

ಅಲ್ಲಿನ ಜನ ಸಹಿ ಹಾಕಿದರು, ಒಂದು ಲಕ್ಷ ದಾಟಿತು. 2014ರ ಆಗಸ್ಟ್‌ನಲ್ಲಿ ಒಬಾಮಾ ಒಂದು ಕಾಯಿದೆಗೆ ರುಜು ಮಾಡಿ ಸರಿ ಮಾಡಿದರು. ತಾನೇ ದುಡ್ಡು ಕೊಟ್ಟು ತಂದ ವಸ್ತುವಿಗೆ ಬೇರೆ ಸಿಮ್ ಹಾಕಿಕೊಳ್ಳಲು ಪಾಪ, ಅಮೆರಿಕದ ಅಧ್ಯಕ್ಷರೇ ಪೆನ್ನು ಹಿಡಿಯಬೇಕಾಯಿತು. ನಮ್ಮ ಪಂಚಾಯತಿ ಲೈಬ್ರರಿಯಲ್ಲಿ ಕೇಳುವುದು ಇಷ್ಟೇ: ಪೇಪರ್ ಮಡಚಿ ಇಡಿ.

ಬ್ರಿಟನ್ನಿನವರು ನಿಧಾನ. ಹತ್ತು ಪೌಂಡಿನ ಆಸುಪಾಸು ಕೊಟ್ಟು ಬೀಗ ತೆಗೆಸಿ ತೆಗೆಸಿ, 2021ರ ಡಿಸೆಂಬರಿನಲ್ಲಿ ಲಾಕ್ ಮಾಡಿದ ಫೋನ್ ಮಾರುವುದನ್ನೇ ನಿಲ್ಲಿಸಿದರು.

ನಾವೇನು ಕಮ್ಮಿಯಿಲ್ಲ ಬಿಡಿ. 2003ರಲ್ಲಿ 501 ರೂಪಾಯಿ ಕೊಟ್ಟು ರಿಲಯನ್ಸ್ ಫೋನ್ ತಂದವರು ನಮ್ಮಲ್ಲೂ ಇದ್ದಾರೆ. ಅದರಲ್ಲಿ ಸಿಮ್ಮೇ ಇರಲಿಲ್ಲ, ನಂಬರು ಫೋನಿನ ಹೊಟ್ಟೆಯಲ್ಲೇ. ಬೀಗ ಹಾಕಲು ಬಾಗಿಲಾದರೂ ಬೇಕಲ್ಲ, ಅದು ಬರೀ ಗೋಡೆ. 2008ರಲ್ಲಿ ಐಫೋನ್ ಬಂತು, 31,000 ರೂಪಾಯಿ. ಪೂರ್ತಿ ದುಡ್ಡು ಎಣಿಸಿ ಕೊಟ್ಟ ಮೇಲೂ ಮಾರಿದ ಕಂಪನಿಯ ಸಿಮ್ಮೇ ಹಾಕಬೇಕಿತ್ತು. ಸಾಲವೇ ಇಲ್ಲದ ತೋಟದ ಮೇಲೆ ಬೋಜಾ! 2017ರ ಜಿಯೋಫೋನ್‌ಗೆ 1,500 ರೂಪಾಯಿ ಠೇವಣಿ, ಅದಕ್ಕೆ ಜಿಯೋ ಸಿಮ್ ಮಾತ್ರ. ಅಷ್ಟು ಕಮ್ಮಿಗೆ ಕೊಟ್ಟವರು ಬೀಗ ಹಾಕಿದರೆ ಅರ್ಥವಾಗುತ್ತದೆ. ಅರ್ಥವಾಗದ್ದು 31,000ದ್ದು.

ಇಷ್ಟಾದರೂ ನಮ್ಮ ದೇಶದಲ್ಲಿ ಲಾಕ್ ಫೋನು ಕಮ್ಮಿಯೇ. ನಮ್ಮನ್ನು ಹಿಡಿದಿಡಲು ಬೀಗ ಬೇಡ, ನಮ್ಮ ಗುಡ್ಡಗಳೇ ಸಾಕು.

ಹೇಗೆ ಅಂದರೆ, ನಮ್ಮೂರಲ್ಲಿ ನನ್ನ ಕಂಪನಿಯ ನೆಟ್‌ವರ್ಕ್ ಸರಿಯಿಲ್ಲ. ಸರಿಯಿಲ್ಲ ಎಂಬುದು ಮರ್ಯಾದೆಯ ಮಾತು. ಕರೆಂಟು ಹೋದರೆ ಟವರ್ ಹೋಗುತ್ತದೆ, ಮಳೆಗಾಲದಲ್ಲಿ ಕರೆಂಟು ಯಾವಾಗ ಬರುತ್ತದೆ ಎಂದು ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ. ಹಾಗಾದರೆ ಕಂಪನಿ ಬದಲಿಸಿ, ಪೋರ್ಟ್ ಮಾಡಿ ಅನ್ನುತ್ತೀರಿ. 2011ರ ಜನವರಿಯಿಂದ ದೇಶಕ್ಕೆಲ್ಲ ಆ ಸೌಲಭ್ಯ ಇದೆ. ಫೀಸೂ ಜಾಸ್ತಿ ಅಲ್ಲ, ಮೊದಲು 19 ರೂಪಾಯಿ ಇದ್ದದ್ದು 2019ರ ಕೊನೆಗೆ 6 ರೂಪಾಯಿ 46 ಪೈಸೆಗೆ ಇಳಿಯಿತು. ಕೆನಡಾದವರು ಕೇಳಿದರೆ ಅತ್ತುಬಿಡುತ್ತಾರೆ. ಮಾಡಬೇಕಾದ್ದು ಇಷ್ಟೇ: ಪೋರ್ಟ್ ಎಂದು ಬರೆದು ನಿಮ್ಮ ನಂಬರು ಸೇರಿಸಿ 1900ಕ್ಕೆ ಮೆಸೇಜ್ ಕಳಿಸಬೇಕು. ಯಾವ ನೆಟ್‌ವರ್ಕಿನಿಂದ? ಈಗಿರುವ ನೆಟ್‌ವರ್ಕಿನಿಂದಲೇ! ನೆಟ್‌ವರ್ಕ್ ಸಿಗುವುದಿಲ್ಲ ಎಂದು ಬಿಟ್ಟು ಹೋಗುತ್ತೇನೆಂದು ತಿಳಿಸಲು ಮೊದಲು ಆ ನೆಟ್‌ವರ್ಕ್ ಸಿಗಬೇಕು. ಸಿಕ್ಕಿದರೆ ಬಿಡುವುದೇಕೆ ಮಾರಾಯ್ರೇ?

ನಾನು ಒಂದು ಸಲ ಸೊಪ್ಪಿನ ಬೆಟ್ಟದ ಮೇಲಿನ ಮತ್ತಿ ಮರದ ಬುಡಕ್ಕೆ ಹೋಗಿ ಮೆಸೇಜ್ ಕಳಿಸಿದೆ. ನಮ್ಮ ಕೇರಿಯ ದೂರವಾಣಿ ಕೇಂದ್ರ ಅದೇ. ಎಡಗೈ ಎತ್ತಿ ನಿಂತರೆ ಎರಡು ಕಡ್ಡಿ, ಬಲಗೈ ಎತ್ತಿದರೆ ಒಂದು. ಉತ್ತರವಾಗಿ ಎಂಟಕ್ಷರದ ಕೋಡ್ ಬರಬೇಕು, ಬಂದ ಮೇಲೆ ನಾಲ್ಕು ದಿನ ಮಾತ್ರ ಅದಕ್ಕೆ ಜೀವ. ಬಂತೋ ಇಲ್ಲವೋ ಗೊತ್ತಾಗುವ ಮೊದಲೇ ಕರೆಂಟು ಹೋಯಿತು. ಐದನೇ ದಿನ ಕೋಡ್ ಕಣ್ಣಿಗೆ ಬಿತ್ತು. ಇಂದಿಗೂ ಅದೇ ಕಂಪನಿಯಲ್ಲಿದ್ದೇನೆ. ನಿಷ್ಠಾವಂತ ಗ್ರಾಹಕ ಎಂದು ಅವರು ಪ್ರತಿ ದೀಪಾವಳಿಗೆ ಮೆಸೇಜ್ ಮಾಡುತ್ತಾರಂತೆ. ಅದು ಸಿಗುವುದು ತುಳಸಿ ಮದುವೆಗೆ.

ಹಾಂ, ಅಳಿಯನ ಫೋನು. ಎಂಟು ಅಂಕಿ ಒತ್ತಿದೆವು. ಅನ್‌ಲಾಕ್ ಆಯಿತು ಎಂದು ಪರದೆ ಹೇಳಿತು. ಈಗ ಇದು ಪ್ರಪಂಚದ ಯಾವ ಕಂಪನಿಯ ಸಿಮ್ ಕೊಟ್ಟರೂ ಬೇಡ ಅನ್ನುವುದಿಲ್ಲ ಎಂದ ಅಳಿಯ. ಮನೆಗೆ ತಂದು ಜಗುಲಿಯಲ್ಲಿ ಇಟ್ಟೆವು. ಮೂಲೆಯಲ್ಲಿ ನೋ ಸರ್ವಿಸ್ ಎಂದು ಬರೆದಿತ್ತು. ಆಯಿ ಕೇಳಿದಳು, "ಎಂತಾ ಹೇಳ್ತು?" ನಾನು, "ಎಲ್ಲಾದಕ್ಕೂ ತಯಾರಿದ್ದು ಹೇಳ್ತು" ಎಂದೆ.

ಜೂನಿನಲ್ಲಿ ಮಳೆ ಹಿಡಿಯಿತು. ಅಳಿಯ ಟೊರೊಂಟೊಕ್ಕೆ ಮರಳಿ ಹದಿನೈದು ದಿನವಾಗಿತ್ತು. ಅವನ ಕರೆಗೆಂದು ಕೊಡೆ ಹಿಡಿದು ಬೆಟ್ಟ ಹತ್ತಿ, ಮತ್ತಿ ಮರದ ಕೆಳಗೆ ಎಡಗೈ ಎತ್ತಿ ನಿಂತೆ. ಬಂತು.

"ಮಾವಾ, ಸುದ್ದಿ ಕೇಳಿದ್ಯಾ? ಇಲ್ಲಿ ಫೋನ್ ಕಂಪನಿಗಳ ಮೇಲೆ ಕಣ್ಣಿಡೋ ಸರಕಾರದ ಸಿಆರ್‌ಟಿಸಿ ಆರ್ಡರ್ ಮಾಡಿದ್ದು. ಡಿಸೆಂಬರ್ ಒಂದರಿಂದ ಬೀಗ ತೆಗೆಯೂಕೆ ಫೀಸಿಲ್ಲೆ. ಹೊಸ ಫೋನಿಗೆ ಬೀಗವೇ ಇಲ್ಲೆ."

"ಹಂಗಾರೆ ನಮ್ಮ ಐವತ್ತು ಡಾಲ..."

ಕರೆಂಟು ಹೋಯಿತು ಅನ್ನಿಸುತ್ತದೆ.

ಇಳಿದು ಬಂದು ಜಗುಲಿಯಲ್ಲಿ ಕೂತೆ. ಕಾಲು ನೋಡಿಕೊಂಡರೆ ಹಿಮ್ಮಡಿಯ ಮೇಲೆ ಎರಡು ಉಂಬಳ. ಒಂದು ಆಗಲೇ ಕುಡಿದು ದಪ್ಪವಾಗಿ, ಹೊಟ್ಟೆ ತುಂಬಿ, ತಾನಾಗಿಯೇ ಬಿಟ್ಟು ನೆಲಕ್ಕೆ ಬಿತ್ತು. ಇನ್ನೊಂದು ಬಿಡಲಿಲ್ಲ. ಆಯಿ ಕವಳದ ಸಂಚಿ ಬಿಚ್ಚಿ, ಬೆರಳ ತುದಿಯಲ್ಲಿ ಚೂರು ಸುಣ್ಣ ತೆಗೆದು ಅದಕ್ಕೆ ಹಚ್ಚಿದಳು. ಅದೂ ಉದುರಿತು.

"ಎಷ್ಟಾತೇ ಆಯಿ?" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಉಳಿದ ಸುಣ್ಣವನ್ನು ಎಲೆಗೆ ಸವರಿ, ಕವಳ ಕಟ್ಟಿ ಬಾಯಿಗೆ ಹಾಕಿಕೊಂಡಳು.