ಒದ್ದೆ ಜಡೆ, ಬಿಳಿ ಸಾಕ್ಸ್

ನಮ್ಮ ಮಡಿಕೇರಿ ಕಡೆ ಜುಲೈ ತಿಂಗಳಲ್ಲಿ ತಲೆಗೆ ಸ್ನಾನ ಮಾಡಿದರೆ ಕೂದಲು ಒಣಗಲು ಎರಡು ದಿನ ಬೇಕು. ಮಗಳು ಎಂಟನೇ ಕ್ಲಾಸು. ಭಾನುವಾರ ರಾತ್ರಿ ಅಗ್ಗಿಷ್ಟಿಕೆಗೆ ಬೆನ್ನು ಕೊಟ್ಟು ಕೂರುತ್ತಾಳೆ, ನಾನು ಕೂದಲು ಬಿಡಿಸಿ ಬಿಡಿಸಿ ಕಾಯಿಸುತ್ತೇನೆ. ಸೋಮವಾರ ಬೆಳಿಗ್ಗೆ ನೋಡಿದರೆ ಬುಡ ಇನ್ನೂ ಹಸಿ. ಅದನ್ನೇ ಎರಡು ಜಡೆ ಹೆಣೆದು, ಮಡಚಿ, ರಿಬ್ಬನ್ ಕಟ್ಟಬೇಕು. ಒಂದೇ ಜಡೆ ಹಾಕಿದರೆ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ತಲೆಯೆಲ್ಲ ಮುಗ್ಗಲು ವಾಸನೆ, ಹೊಟ್ಟು.

ಸಂಜೆಯದ್ದು ಬೇರೆ ಕಷ್ಟ. ಬಸ್ ಇಳಿದು ಮನೆಗೆ ಬರಲು ಒಂದು ಕಿಲೋಮೀಟರ್ ಕಾಫಿ ತೋಟದ ದಾರಿ. ಅವಳ ಶಾಲೆಯಲ್ಲಿ ಹುಡುಗಿಯರಿಗೆ ಹತ್ತನೇ ಕ್ಲಾಸಿನವರೆಗೂ ಸ್ಕರ್ಟು. ಹೋದ ವಾರ ಬಂದವಳೇ ಜಗಲಿಯಲ್ಲಿ ಕೂತು ಸಾಕ್ಸ್ ಕಳಚಿದಳು. ಬಿಳಿ ಸಾಕ್ಸ್ ಕೆಂಪಾಗಿತ್ತು. ಮಂಡಿಯ ಹಿಂದೆ ಒಂದು ಜಿಗಣೆ, ಹಿಮ್ಮಡಿ ಹತ್ತಿರ ಎರಡು, ಕಾಫಿ ಹಣ್ಣಿನಷ್ಟು ಉಬ್ಬಿದ್ದವು. ಉಪ್ಪು ಹಾಕಿ ಬಿಡಿಸಿದೆ. ರಕ್ತ ನಿಲ್ಲಲು ತುಂಬಾ ಹೊತ್ತು ಹಿಡಿಯಿತು. ಅದೇ ದಾರಿಯಲ್ಲಿ ಬರುವ ಪಕ್ಕದ ಮನೆ ಹುಡುಗ ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿಕೊಂಡು ಆರಾಮಾಗಿ ನಡೆಯುತ್ತಾನೆ.

ಮಾರನೇ ದಿನ ಶಾಲೆಗೆ ಹೋಗಿ, ಹುಡುಗಿಯರಿಗೂ ಪ್ಯಾಂಟು ಯಾಕಾಗಬಾರದು ಎಂದು ಕೇಳಿದೆ. "ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಥರ ಕಾಣಬೇಕಲ್ವಾ ಮೇಡಂ?" ಎಂದರು ಶಾಲೆಯವರು.

ಈ ಮಾತು ನಾನು ಮೊದಲೂ ಕೇಳಿದ್ದೇನೆ. ಮದುವೆಗೆ ಮುಂಚೆ ಒಂದು ರೆಸಾರ್ಟ್‌ನ ಫ್ರಂಟ್ ಆಫೀಸಿನಲ್ಲಿದ್ದೆ. ಗಂಡಸರಿಗೆ ನಾಲ್ಕು ಸಾಲಿನ ನಿಯಮ: ಶೇವ್, ಇಸ್ತ್ರಿ, ಪಾಲಿಶ್ ಮಾಡಿದ ಶೂ, ಬ್ಯಾಡ್ಜ್. ನಮಗೆ ಎರಡು ಪುಟ. ತುರುಬು ಎಷ್ಟು ಎತ್ತರ, ಲಿಪ್‌ಸ್ಟಿಕ್ ಯಾವ ಬಣ್ಣ, ಹೀಲ್ಸ್ ಎಷ್ಟು ಇಂಚು. ಖರ್ಚೂ ನಮ್ಮದೇ. ಒಂದು ಮಳೆಗಾಲ, ಗೆಸ್ಟ್‌ಗಳಿಗೆ ಛತ್ರಿ ಹಿಡಿದು ಕಾಟೇಜಿಗೆ ಕರೆದುಕೊಂಡು ಹೋಗುವಾಗ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಹೀಲ್ಸ್ ಜಾರಿ ಬಿದ್ದೆ. ಕಾಲು ಉಳುಕಿತು. ಹದಿನೈದು ದಿನ ಫ್ಲ್ಯಾಟ್ ಚಪ್ಪಲಿ ಹಾಕುತ್ತೇನೆ ಎಂದೆ. ಹಾಗಾದರೆ ಅಷ್ಟು ದಿನ ಹಿಂದೆ ಸ್ಟೋರ್ ರೂಮಿನಲ್ಲಿರಿ ಎಂದರು. ಬುಕ್ಕಿಂಗ್ ನೋಡೋದಕ್ಕೆ, ಮೂರು ಭಾಷೆಯಲ್ಲಿ ಮಾತಾಡೋದಕ್ಕೆ ಹೀಲ್ಸ್ ಯಾಕೆ ಬೇಕು? ಇವತ್ತಿಗೂ ನನಗೆ ಸಿಟ್ಟಿದೆ. ವರ್ಜಿನ್ ಅಟ್ಲಾಂಟಿಕ್‌ನಂಥ ವಿಮಾನ ಕಂಪನಿಯೇ 2019ರಲ್ಲಿ ಗಗನಸಖಿಯರಿಗೆ ಮೇಕಪ್ ಕಡ್ಡಾಯ ಅಲ್ಲ ಎಂದಿದೆ.

ಆಟದ ಅಂಗಳವನ್ನೂ ಇದು ಬಿಟ್ಟಿಲ್ಲ. 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆ, ದೊಡ್ಡ ಟೂರ್ನಿಗಳಲ್ಲಿ ಹೆಂಗಸರು ಸ್ಕರ್ಟ್ ಅಥವಾ ಫ್ರಾಕ್ ಹಾಕಿಯೇ ಆಡಬೇಕು ಎಂದು ನಿಯಮ ಮಾಡಿತು. ಆಟ ಆಕರ್ಷಕವಾಗಿ ಕಾಣಬೇಕಂತೆ. ಆಟಗಾರ್ತಿಯರು ವಿರೋಧಿಸಿದರು, ಅದನ್ನು ಮುಂದಕ್ಕೆ ಹಾಕಿದರು, 2012ರಲ್ಲಿ ಕೈಬಿಟ್ಟರು. ಅದೇ 2011ರಲ್ಲಿ ನಮ್ಮ ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. ಗೆದ್ದದ್ದು ಆಡಿದ್ದರಿಂದ.

ಗಂಡುಮಕ್ಕಳಿಗೂ ನೋವಿದೆ, ಅದನ್ನು ಮರೆತಿಲ್ಲ. ನನ್ನ ಅಣ್ಣನ ಮಗ ಕೂದಲು ಸ್ವಲ್ಪ ಉದ್ದ ಬಿಟ್ಟ ಅಂತ ಪಿಟಿ ಮೇಷ್ಟ್ರು ಅಸೆಂಬ್ಲಿಯಲ್ಲೇ ಕತ್ತರಿ ಹಾಕಿದರು. ಮಗು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಸಂಸ್ಕೃತಿ ಹಾಳಾಗುತ್ತೆ ಎನ್ನುವವರೂ ಇದ್ದಾರೆ. ನಮ್ಮ ಕಡೆ ಸೀರೆಯ ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸುತ್ತಾರೆ. ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದೆ ಹೋಯಿತು ಅಂತ ಕಥೆ. ನನ್ನ ಅಜ್ಜಿ ಇನ್ನೊಂದು ಮಾತೂ ಸೇರಿಸುತ್ತಿದ್ದರು: ಹಾಗೆ ಉಟ್ಟರೆ ನಾಟಿ ಮಾಡುವಾಗ, ಗುಡ್ಡ ಹತ್ತುವಾಗ ಕಾಲಿಗೆ ತೊಡರಲ್ಲ. ಈ ನೆಲಕ್ಕೆ, ಈ ಮಳೆಗೆ ಹೊಂದುವ ಹಾಗೆ ಉಟ್ಟವರು ನಮ್ಮ ಹಿರಿಯರು. ನನ್ನ ಮಗಳು ಕೇಳುತ್ತಿರುವುದೂ ಅದನ್ನೇ.

ಪಕ್ಕದ ಕೇರಳದಲ್ಲಿ ವಳಯನ್‌ಚಿರಂಗರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ 2018ರಲ್ಲೇ ಹುಡುಗ, ಹುಡುಗಿ ಎನ್ನದೆ ಒಂದೇ ಥರದ ಶರ್ಟು, ಮುಕ್ಕಾಲು ಚಡ್ಡಿ ಕೊಟ್ಟಿದೆ. 2021ರಲ್ಲಿ ಕಲ್ಲಿಕೋಟೆ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಶಾಲೆಯ ಹುಡುಗಿಯರೂ ಪ್ಯಾಂಟು ಹಾಕಿದರು.

ಶಾಲೆಗೆ ಒಂದು ಅರ್ಜಿ ಬರೆದಿದ್ದೇನೆ. ಬೇಕಾದ ಹುಡುಗಿಯರಿಗೆ ಪ್ಯಾಂಟು, ಮಳೆಗಾಲದಲ್ಲಿ ಒಂದೇ ಜಡೆ, ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡರೆ ಬೈಯಬಾರದು, ಯಾವ ಮಗುವಿನ ತಲೆಗೂ ಕತ್ತರಿ ಹಾಕಬಾರದು. ಇಷ್ಟೇ. ಇವತ್ತಿಗೆ ಐದು ತಾಯಂದಿರು, ಇಬ್ಬರು ಅಪ್ಪಂದಿರು ಸಹಿ ಹಾಕಿದ್ದಾರೆ. ಶನಿವಾರ ಪೋಷಕರ ಸಭೆ. ಅದೇ ಶಾಲೆಯಲ್ಲಿ ಮಕ್ಕಳಿರುವವರು ಅದಕ್ಕೆ ಮುಂಚೆ ಮೆಸೇಜ್ ಮಾಡಿ, ಅರ್ಜಿ ನಾನೇ ಮನೆಗೆ ತರುತ್ತೇನೆ.