ಬ್ರಾಕೆಟ್ಟಿನೊಳಗಿನ ಭೂಕಂಪ

ಎಲ್ಲೋ ಭೂಮಿ ನಡುಗಿತು ಅಂದ ಕೂಡಲೇ ಅಮೆರಿಕದ ಸುದ್ದಿಮನೆಗಳಲ್ಲಿ ಮೊದಲು ಎದ್ದು ನಿಲ್ಲುವುದು ಕ್ಯಾಲ್ಕುಲೇಟರ್. ಅವರ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಭೂಕಂಪದ ಕೇಂದ್ರದ 'ಆಳ 10 ಕಿ.ಮೀ.' ಅಂತ ಹಾಕಿರುತ್ತದೆ. ಓದುಗರಿಗೆ ಕಿಲೋಮೀಟರ್ ಕಂಡರೆ ಆಗುವುದಿಲ್ಲವಲ್ಲ! ಮೆಟ್ರಿಕ್‌ಗೆ ಬನ್ನಿ ಅಂತ 1975ರಲ್ಲೇ ಅಲ್ಲಿ ಕಾನೂನಾಯಿತು, ಆದರೆ ಇಷ್ಟವಿದ್ದವರು ಮಾತ್ರ ಬಂದರೆ ಸಾಕಂತೆ. ಹಾಗಾಗಿ 10 ಕಿ.ಮೀ. ಪಕ್ಕದಲ್ಲಿ ಬ್ರಾಕೆಟ್ ಹಾಕಿ 6.2 ಮೈಲಿ. ದಶಾಂಶ ಸಮೇತ. ಯಾರೋ ಟೇಪು ಹಿಡಿದು ನೆಲದೊಳಗೆ ಇಳಿದು ಬಂದ ಹಾಗೆ.

ಆ ಹತ್ತು ಎಲ್ಲಿಂದ ಬಂತು ಗೊತ್ತಲ್ವಾ? ಕೇಂದ್ರ ಜಾಸ್ತಿ ಆಳದಲ್ಲಿಲ್ಲ, ಆದರೆ ಎಷ್ಟು ಆಳ ಅಂತ ಸರಿಯಾಗಿ ಸಿಗುತ್ತಿಲ್ಲ ಅಂದಾಗ, ಲೆಕ್ಕ ಮುಂದೆ ಸಾಗಲಿ ಅಂತ ಎಷ್ಟೋ ಸಲ ಸುಮ್ನೆ ಇಡುವ ಅಂಕಿ ಅದು. ಕೆಲವೊಮ್ಮೆ 5, ಹಿಂದೆಲ್ಲ 33. ವಿಜ್ಞಾನಿಗಳು ಇದನ್ನು ಮುಚ್ಚಿಟ್ಟಿಲ್ಲ, ತಾವೇ ಬರೆದು ಹೇಳಿದ್ದಾರೆ. ಓದುವವರು ಬೇಕಷ್ಟೆ. ಇನ್ನೊಬ್ಬ ಮಹಾನುಭಾವ ಆ 6.2 ಮೈಲಿಯನ್ನು ತಿರುಗಿ ಕಿಲೋಮೀಟರಿಗೆ ತಂದರೆ 9.98 ಆಗುತ್ತದೆ. ನಡುವಿನ ಇಪ್ಪತ್ತು ಮೀಟರ್ ಭೂಮಿಯನ್ನು ಯಾರು ನುಂಗಿದರೋ!

ಮ್ಯಾಗ್ನಿಟ್ಯೂಡ್, ಅಂದರೆ ಭೂಕಂಪ ಎಷ್ಟು ದೊಡ್ಡದು ಅನ್ನುವ ಅಂಕಿ ಬಂದಾಗ ಮಾತ್ರ ಇವರಿಗೆ ಭಾರೀ ಸಂಕಟ. ಅದಕ್ಕೆ ಕಿಲೋನೂ ಇಲ್ಲ, ಮೈಲಿನೂ ಇಲ್ಲ, ಬರೀ ಅಂಕಿ. ಬೋಳು ಅಂಕಿ ಚೆನ್ನಾಗಿ ಕಾಣದು ಅಂತ ಜೊತೆಗೆ ರಿಕ್ಟರ್ ಸಾಹೇಬರನ್ನು ಕೂರಿಸುತ್ತಾರೆ. ಪಾಪ, ಅವರು 1935ರಲ್ಲಿ ಕ್ಯಾಲಿಫೋರ್ನಿಯಾದ ಭೂಕಂಪಗಳಿಗೆ ಅಂತ ಮಾಡಿದ ಮಾಪಕ ಅದು. ದೊಡ್ಡ ಭೂಕಂಪ ಅಳೆಯುವವರು ಮೊಮೆಂಟ್ ಮ್ಯಾಗ್ನಿಟ್ಯೂಡ್ ಅನ್ನುವ ಬೇರೆ ಮಾಪಕ ಹಿಡಿದು ಎಷ್ಟೋ ಕಾಲವಾಯಿತು. ಟೀವಿಯಲ್ಲಿ ಮಾತ್ರ ಸಾಹೇಬರಿಗೆ ಇನ್ನೂ ನಿವೃತ್ತಿ ಇಲ್ಲ. 6ಕ್ಕೂ 7ಕ್ಕೂ ಒಂದೇ ಅಂಕಿ ವ್ಯತ್ಯಾಸ ಅಂತ ಓದುಗ ಅಂದುಕೊಳ್ಳುತ್ತಾನೆ. ಶಕ್ತಿ ನೋಡಿದರೆ ಸುಮಾರು 32 ಪಟ್ಟು. ಇದನ್ನು ಹೇಳಲು ಒಂದು ಬ್ರಾಕೆಟ್ ಬೇಕಿತ್ತು. ಅಲ್ಲಿ ಜಾಗ ಇಲ್ಲ, ಮೈಲಿ ಕೂತಿದೆ.

2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ನಡುಗಿದಾಗಲೂ ಇದೇ. 7.7, ಆಳ 10 ಕಿ.ಮೀ., ಬ್ರಾಕೆಟ್ಟಿನಲ್ಲಿ 6.2 ಮೈಲಿ. ಸಾವಿರಾರು ಜನ ಸತ್ತರು. ಕೇಂದ್ರ ನೆಲಕ್ಕೆ ಹತ್ತಿರ ಇದ್ದಷ್ಟೂ ಮೇಲಿರುವವರಿಗೆ ಹೊಡೆತ ಜಾಸ್ತಿ. ಆಳ ಬರೆಯುವುದೇ ಅದಕ್ಕೆ ಕಣ್ರೀ! ಆ ಒಂದು ಸಾಲು ಬರೆಯಲು ಏನು ರೋಗ? ಕಟ್ಟಡಗಳು ಯಾಕೆ ಹಾಗೆ ಕುಸಿದವು ಅಂತ ಇನ್ನೆರಡು ಸಾಲು? ಅದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಓದಿ ಓದಿ ಸಾಕಾಗಿದೆ.

ಹೋಗಲಿ, 'ಸುಮಾರು ಆರು ಮೈಲಿ' ಅಂತಲಾದರೂ ಬರೆಯಿರಿ. ಪಾಯಿಂಟ್ ಎರಡು ಬಿಟ್ಟರೆ ಯಾವ ಭೂಕಂಪವೂ ಬೇಜಾರು ಮಾಡಿಕೊಳ್ಳುವುದಿಲ್ಲ.