ಉತ್ಸವ ಆಮೇಲೆ ಮಾಡೋಣ, ಮೊದಲು ಗುಡ್ಡ ಕಾಯೋಕೆ ಜನ ಕೊಡಿ

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಪ್ರವಾಸೋದ್ಯಮ ಅಂದ ಕೂಡಲೇ ನೆನಪಾಗೋದು ಪೆಂಡಾಲು, ದೊಡ್ಡ ಪರದೆ, ಬೆಂಗಳೂರಿನಿಂದ ಬರುವ ಹಾಡುಗಾರರು. ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ. ಒಂದೆರಡು ದಿನ ಊರೆಲ್ಲ ಝಗಮಗ. ಬೇಡ ಅನ್ನಲ್ಲ, ನಾನೂ ಹೋಗಿ ಒಗ್ಗರಣಿ-ಮಿರ್ಚಿ ತಿಂದು ಬಂದವನೇ. ಆದರೆ ಪೆಂಡಾಲು ಬಿಚ್ಚಿದ ಮೇಲೆ ಉಳಿದ ದಿನಗಳಲ್ಲಿ ನಮ್ಮ ಹಳೇ ಕಲ್ಲುಗಳನ್ನು ನೋಡಿಕೊಳ್ಳೋರು ಯಾರು?

ಹಿರೇಬೆಣಕಲ್ ವಿಷಯಕ್ಕೇ ಬರೋಣ. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಆಂಜನಾದ್ರಿಗೆ ಬಂದು, ಸಣಾಪುರದಲ್ಲಿ ತೆಪ್ಪ ಹತ್ತಿ ವಾಪಸ್ ಹೋಗುವ ಜನರಲ್ಲಿ ಈ ಹೆಸರು ಕೇಳಿದವರೇ ಕಡಿಮೆ. ಗುಡ್ಡದ ಮೇಲೆ ಹತ್ತಿರ ಹತ್ತಿರ ನಾನೂರು ಶಿಲಾ ಸಮಾಧಿಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನವು, ಕಬ್ಬಿಣ ಯುಗದವು. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೆ ಮುಚ್ಚಿದ ಒಂದು ದಪ್ಪ ಚಪ್ಪಡಿ. ಕೆಲವಕ್ಕೆ ಒಂದು ಗೋಡೆಯಲ್ಲಿ ದುಂಡನೆ ಕಿಂಡಿ. ಗಾರೆ ಇಲ್ಲ, ಸುಣ್ಣ ಇಲ್ಲ. ಒಂದು ಕಲ್ಲಿನ ಭಾರಕ್ಕೆ ಇನ್ನೊಂದು ಕಲ್ಲು ನಿಂತಿದೆ, ಅಷ್ಟೇ. ಪಕ್ಕದಲ್ಲೇ ನೀರಿನ ಹೊಂಡ, ಬಂಡೆಗಳ ಮೇಲೆ ಕೆಂಪು ಬಣ್ಣದ ಚಿತ್ರಗಳು. ಇನ್ನೊಂದು ಕಡೆ ಬಂಡೆಯ ತುದಿಯಲ್ಲಿ ಅರ್ಧ ಗುಂಡಗಿನ ನಗಾರಿ ಕಲ್ಲು. ಬಡಿದರೆ ಸದ್ದು ಒಂದು ಕಿಲೋಮೀಟರ್ ಆಚೆಗೂ ಕೇಳುತ್ತೆ.

ಊರಿನವರು ಇದನ್ನು ಮೋರ್ಯರ ಗುಡ್ಡ ಅಂತಾರೆ. ಮೋರ್ಯರು ಅನ್ನೋ ಗಿಡ್ಡ ಜನ ಕಟ್ಟಿಕೊಂಡ ಮನೆಗಳಂತೆ ಇವು. ಕುರಿ ಮೇಯಿಸೋ ಅಜ್ಜ ಒಬ್ಬರು ನನಗೆ ಹೇಳಿದ್ದು ಇಷ್ಟೇ: "ತಮ್ಮಾ, ಅದರ ಮ್ಯಾಲ ಹತ್ತಬ್ಯಾಡ, ಅವರ ಮನಿ ಅದು." ಒಂದು ಬೋರ್ಡಿಗಿಂತ ಈ ಮಾತೇ ಜಾಸ್ತಿ ಕೆಲಸ ಮಾಡುತ್ತೆ ಅಂತ ನನ್ನ ನಂಬಿಕೆ.

2021ರಲ್ಲಿ ಈ ಜಾಗ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಆಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡ್ವಿ. ಅಲ್ಲಿಗೆ ಮುಗೀತು.

ಇಲ್ಲಿನ ದೊಡ್ಡ ಶತ್ರು ಮಳೆ-ಬಿಸಿಲಲ್ಲ, ನಿಧಿ ಆಸೆ. ಯಾರೋ ಕನಸು ಬಿತ್ತು ಅಂತಾನೆ, ಇನ್ಯಾರೋ ಅಂಜನ ಹಾಕಿ ನೋಡಿದೆ ಅಂತಾನೆ. ರಾತ್ರಿ ಗುದ್ದಲಿ ತಗೊಂಡು ಹೋಗಿ ಚಪ್ಪಡಿಯ ಬುಡ ಅಗೀತಾರೆ. ಬುಡ ಸಡಿಲಾದರೆ ನಿಂತ ಕಲ್ಲು ವಾಲುತ್ತೆ, ಮೇಲಿನ ಚಪ್ಪಡಿ ಜಾರಿ ಬೀಳುತ್ತೆ. ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗೋದು ಕಪ್ಪು-ಕೆಂಪು ಮಡಕೆ ಚೂರು, ಕಬ್ಬಿಣದ ಸಾಮಾನು, ಮೂಳೆ. ಆ ಚೂರುಗಳು ಹೇಳಬಹುದಾಗಿದ್ದ ಕಥೆಯೂ ಮಣ್ಣುಪಾಲು, ಅಗೆದವನಿಗೂ ಚಿಪ್ಪೇ ಗತಿ.

ಹಂಪಿಯಲ್ಲೇ ಹುಡುಗರು ಕಂಬ ಉರುಳಿಸಿದ್ದು ನೆನಪಿದೆಯಲ್ವಾ? 2019ರಲ್ಲಿ ವಿಡಿಯೊ ಹರಿದಾಡಿದ್ದಕ್ಕೆ ಸಿಕ್ಕಿಬಿದ್ದರು. ಕೋರ್ಟ್ ತಲಾ 70,000 ರೂಪಾಯಿ ದಂಡ ಹಾಕಿತು, ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿದರು. ಅಷ್ಟು ಜನ ಓಡಾಡೋ ಹಂಪಿಯ ಕಥೆ ಹೀಗೆ. ರಾತ್ರಿ ನರಪಿಳ್ಳೆ ಇಲ್ಲದ ಗುಡ್ಡದಲ್ಲಿ ಯಾರು ವಿಡಿಯೊ ಮಾಡ್ತಾರೆ?

ಅದಕ್ಕೇ ನಾನು ಹೇಳೋದು: ಉತ್ಸವದ ದುಡ್ಡಿನಲ್ಲಿ ಒಂದು ಪಾಲು ತೆಗೆದು ಹಿರೇಬೆಣಕಲ್‌ನ ಹುಡುಗ-ಹುಡುಗಿಯರಿಗೆ ತಿಂಗಳ ಸಂಬಳ ಕೊಡಿ. ಹಗಲು ಜನರನ್ನು ಗುಡ್ಡ ಹತ್ತಿಸೋಕೆ ಕೆಲವರು, ರಾತ್ರಿ ಕಾವಲಿಗೆ ಕೆಲವರು. ಸಂಬಳ ತಿಂಗಳಾ ತಿಂಗಳಾ ಬರಬೇಕು, ಗೌರವಧನ ಅಂತ ವರ್ಷಕ್ಕೊಮ್ಮೆ ಶಾಲು ಹೊದಿಸಿ ಕಳಿಸೋದಲ್ಲ. ಗುಡ್ಡದ ಕೆಳಗೆ ಕುಡಿಯೋ ನೀರು, ಒಂದು ಶೌಚಾಲಯ. ಮೇಲೆ ಮಾತ್ರ ಕಾಂಕ್ರೀಟ್ ಮೆಟ್ಟಿಲು, ಸೆಲ್ಫಿ ಪಾಯಿಂಟ್ ಏನೂ ಬೇಡ, ದಯವಿಟ್ಟು.

ಜನ ಬಂದರೆ ಜಾಗ ಹಾಳಾಗುತ್ತೆ, ಸುಮ್ನೆ ಬಿಟ್ಟುಬಿಡಿ ಅನ್ನೋರಿದ್ದಾರೆ. ಬಳ್ಳಾರಿ ಪಕ್ಕದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡಕ್ಕೆ ಯಾವ ಪ್ರವಾಸಿಗರು ಮುಗಿಬಿದ್ದಿದ್ದರು? ಶಿಲಾಯುಗದಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಅದು, ಬಡಿದರೆ ನಾದ ಬರುವ ಬಂಡೆಗಳೂ ಇವೆ. ಕಲ್ಲುಗಣಿ ಅಲ್ಲಿಗೂ ಕೈ ಹಾಕಿತು. ಕೇಳೋರಿಲ್ಲದ ಜಾಗವೇ ಮೊದಲು ಹೋಗೋದು.

ಹಾಗಂತ ಊರಿನವರನ್ನು ದೂರ ಇಟ್ಟು ಕಲ್ಲು ಉಳಿಸುವ ದಾರಿಯೂ ನನಗೆ ಒಪ್ಪಿಗೆಯಿಲ್ಲ. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಿದರು. ಮಂಟಪಗಳನ್ನು ಒತ್ತುವರಿ ಮಾಡಿ ಗೋಡೆ ಕಟ್ಟಿದ್ದು ತಪ್ಪೇ, ಒಪ್ಪೋಣ. ಆದರೆ ಮನೆ, ಅಂಗಡಿ ಕಳೆದುಕೊಂಡವನಿಗೆ ಆ ಕಂಬದ ಮೇಲೆ ಪ್ರೀತಿ ಉಳಿಯುತ್ತಾ? ಹೊಳೆ ಈಚೆ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ 1997ರಿಂದ ಬೇರೆ ದಾರಿ ಹಿಡಿದಿದೆ. ಹೆಣ್ಣುಮಕ್ಕಳು ಬಾಳೆ ನಾರಿನಿಂದ ಚೀಲ, ಬುಟ್ಟಿ ಮಾಡಿ ಮಾರ್ತಾರೆ. ಹಳೇ ಊರು ನೋಡೋಕೆ ಬಂದವರ ದುಡ್ಡು ಆ ಊರಿನ ಮನೆಗೂ ಹೋಗುತ್ತೆ. ಹಿರೇಬೆಣಕಲ್‌ಗೆ ಯಾಕಾಗಬಾರದು?

ಈ ಭಾನುವಾರ ಹೋಗೋ ಮನಸ್ಸಿದ್ದರೆ ಬೆಳಿಗ್ಗೆ ಬೇಗ ಹೊರಡಿ, ಹೊತ್ತೇರಿದರೆ ಬಂಡೆ ಕಾಲು ಸುಡುತ್ತೆ. ನೀರು ಜಾಸ್ತಿ ಇರಲಿ. ದಾರಿ ತಪ್ಪೋದು ಸುಲಭ, ಊರಿನ ಒಬ್ಬರನ್ನು ಜೊತೆಗೆ ಕರ್ಕೊಳ್ಳಿ. ಇಳಿದ ಮೇಲೆ ಬರೀ ಥ್ಯಾಂಕ್ಸ್ ಹೇಳಿ ಬರಬೇಡಿ, ಅವರ ಒಂದು ದಿನದ ಕೂಲಿ ಎಷ್ಟೋ ಕೇಳಿ ಅಷ್ಟು ಕೊಟ್ಟು ಬನ್ನಿ.